ಮೊದಲ ಕಾರಿಗೇ ನಾನೂರು ಕುದುರೆಗಳೇ?

ಪ್ರೀತಿಯ ಶಿಷ್ಯನಿಗೆ,

ನೀನು ಕಳಿಸಿದ ಫೋಟೋ ನೋಡಿದೆ. ಕೆಂಪು ಬಣ್ಣದ ಫೋರ್ಡ್ ಮಸ್ಟ್ಯಾಂಗ್, ಸೆಕೆಂಡ್ ಹ್ಯಾಂಡ್, ಬೆಂಗಳೂರಿನ ಡೀಲರ್ ಒಬ್ಬರ ಬಳಿ ಇದೆ. 'ಸಾರ್, ಅಪ್ಪ ಒಪ್ಪಿದ್ದಾರೆ. ಮುಂದಿನ ವಾರ ಟೋಕನ್ ಕೊಡ್ತೀವಿ. ಹೇಗಿದೆ ಹೇಳಿ' ಎಂದು ಕೇಳಿದ್ದೀಯ. ನಿನಗೆ ಈಗ ಹತ್ತೊಂಬತ್ತು. ಡಿಎಲ್ ಕಾರ್ಡು ಅಂಚೆಯಲ್ಲಿ ಬಂದು ಇನ್ನೂ ಬಹಳ ದಿನ ಆಗಿಲ್ಲ.

ಉತ್ತರವನ್ನು ಫೋನಿನಲ್ಲೇ ಹೇಳಬಹುದಿತ್ತು. ಬಹಿರಂಗವಾಗಿ ಬರೆಯುವುದಕ್ಕೆ ಕಾರಣವಿದೆ. ಇದೇ ಪ್ರಶ್ನೆಯನ್ನು ನಿನ್ನ ವಯಸ್ಸಿನವರು ಈಚೆಗೆ ನನ್ನಲ್ಲಿ ಮತ್ತೆ ಮತ್ತೆ ಕೇಳುತ್ತಿದ್ದಾರೆ. ಒಬ್ಬನಿಗೆ ಮಸ್ಟ್ಯಾಂಗ್, ಇನ್ನೊಬ್ಬನಿಗೆ ಬಿಎಂಡಬ್ಲ್ಯು ಝಡ್4, ಕಾಫಿ ತೋಟದ ಮನೆಯ ಹುಡುಗಿಯೊಬ್ಬಳಿಗೆ ಮಿನಿ ಕೂಪರ್‌ನ ಅತಿ ವೇಗದ ಮಾದರಿ. ಅಲ್ಲದೆ ಇದು ನಿನ್ನ ಮನೆಯ ವಿಷಯ ಮಾತ್ರವೂ ಅಲ್ಲ. ನೀನು ಆ ಕಾರನ್ನು ಹೊರಗೆ ತೆಗೆದ ದಿನ ನಿನ್ನ ಪಕ್ಕದಲ್ಲಿ ಹಾಲಿನ ಕ್ಯಾನು ಕಟ್ಟಿಕೊಂಡ ಟಿವಿಎಸ್ ಎಕ್ಸೆಲ್ ಇರುತ್ತದೆ, ರಸ್ತೆ ದಾಟಲು ನಿಂತ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಇರುತ್ತಾರೆ. ಅವರನ್ನು ಯಾರೂ ಒಪ್ಪಿಗೆ ಕೇಳಿಲ್ಲ.

ಮೊದಲೇ ಒಂದು ಮಾತು. ನಿನ್ನ ಆಸೆ ತಪ್ಪಲ್ಲ. ಕಾರು ಓಡಿಸುವುದನ್ನು ಕಲಿಸಿ ಬದುಕುವ ನನಗೆ ಕಾರಿನ ಮೇಲಿನ ಮೋಹ ಏನೆಂದು ಗೊತ್ತು. ಐದು ಲೀಟರಿನ ವಿ8 ಎಂಜಿನ್ ಸ್ಟಾರ್ಟ್ ಆದಾಗ ಬರುವ ಗುಡುಗಿಗೆ ನನ್ನ ಎದೆಯೂ ನಡುಗುತ್ತದೆ. ಆ ಉದ್ದನೆಯ ಬಾನೆಟ್ಟು, ಇಳಿಜಾರಾದ ಹಿಂಭಾಗ, ಮೂರು ಗೆರೆಯ ಹಿಂದಿನ ದೀಪ, ಇವನ್ನೆಲ್ಲ ನೋಡಿ ಸೋಲದ ಹುಡುಗ ಯಾರು? ಸುಂದರವಾದ ಯಂತ್ರವನ್ನು ಬಯಸುವುದು ಒಳ್ಳೆಯ ಗುಣ. ನಾನು ಬೇಡ ಎನ್ನುತ್ತಿರುವುದು ಕಾರನ್ನಲ್ಲ, ಸರದಿಯನ್ನು. ಅದು ನಿನ್ನ ಮೂರನೇ ಕಾರಾಗಲಿ. ಮೊದಲನೆಯದಾಗುವುದು ಬೇಡ.

ಆರ್‌ಟಿಒ ಮೈದಾನದಲ್ಲಿ ನಿನ್ನಿಂದ ಮಾಡಿಸಿದ್ದು ಏನು, ನೆನಪಿಸಿಕೋ. ಎಂಟು ಹಾಕಿದೆ. ಎಚ್ ಹಾಕಿದೆ, ರಿವರ್ಸ್ ತೆಗೆದೆ. ಏರಿನಲ್ಲಿ ನಿಲ್ಲಿಸಿ, ಹಿಂದೆ ಜಾರದಂತೆ ಮತ್ತೆ ಎಬ್ಬಿಸಿದೆ. ಬ್ರೇಕ್ ಇನ್‌ಸ್ಪೆಕ್ಟರ್ ಸೈ ಎಂದರು. ಎಲ್ಲವೂ ಸರಿಯಾಗಿಯೇ ಆಯಿತು, ನನಗೆ ಹೆಮ್ಮೆಯೇ. ಆದರೆ ಆ ಪರೀಕ್ಷೆ ಮುಗಿಯುವವರೆಗೆ ನಿನ್ನ ಕೈ ಎರಡನೇ ಗೇರ್ ದಾಟಲಿಲ್ಲ. ಬೆಂಗಳೂರಿನ ಜ್ಞಾನಭಾರತಿಯಲ್ಲಿ ಸೆನ್ಸರ್ ಇಟ್ಟು ಮಾಡಿರುವ ಟ್ರ್ಯಾಕಿನಲ್ಲೂ ನೋಡುವುದು ಇದನ್ನೇ. ನಿಧಾನವಾಗಿ ಹೋಗುವಾಗ ಗಾಡಿಯ ಮೇಲೆ ಹಿಡಿತ ಇದೆಯೇ ಎಂಬುದಷ್ಟೇ ಅಲ್ಲಿನ ಪ್ರಶ್ನೆ. ನೂರರ ವೇಗದಲ್ಲಿ ಎದುರಿಗೆ ಹಸು ಬಂದರೆ ಏನು ಮಾಡುತ್ತೀಯ, ಒದ್ದೆ ತಿರುವಿನಲ್ಲಿ ಹಿಂದಿನ ಚಕ್ರ ಜಾರಿದರೆ ಸ್ಟೇರಿಂಗ್ ಯಾವ ಕಡೆಗೆ ತಿರುಗಿಸುತ್ತೀಯ, ಇದನ್ನು ನಿನಗೆ ಯಾರೂ ಕೇಳಿಲ್ಲ. ಕೇಳುವ ವ್ಯವಸ್ಥೆಯೇ ನಮ್ಮಲ್ಲಿಲ್ಲ. ಆ ಕಾರ್ಡು ಕಲಿಯಲು ಶುರು ಮಾಡುವುದಕ್ಕೆ ಕೊಟ್ಟ ಅನುಮತಿ. ಅದನ್ನು ಪಾಂಡಿತ್ಯಕ್ಕೆ ಕೊಟ್ಟ ಸರ್ಟಿಫಿಕೇಟು ಎಂದುಕೊಂಡವರನ್ನು ಬಹಳ ನೋಡಿದ್ದೇನೆ.

ನಿನ್ನ ಬಲಗಾಲಿನ ಬಗ್ಗೆ ಹೇಳುತ್ತೇನೆ, ಏಕೆಂದರೆ ಅದನ್ನು ನಿನಗಿಂತ ಹೆಚ್ಚು ನೋಡಿದವನು ನಾನು. ಪಕ್ಕದ ಸೀಟಿನಲ್ಲಿ ಕೂತ ಮೇಷ್ಟ್ರು ರಸ್ತೆಯನ್ನು ಎಷ್ಟು ನೋಡುತ್ತಾನೋ ಕಲಿಯುವವನ ಪಾದವನ್ನೂ ಅಷ್ಟೇ ನೋಡುತ್ತಾನೆ. ಚಾಮುಂಡಿ ಬೆಟ್ಟದಿಂದ ಇಳಿಯುವಾಗ ನಿನ್ನ ಪಾದ ಬ್ರೇಕಿನ ಮೇಲೆ ಕೂತುಬಿಡುತ್ತಿತ್ತು. 'ಎರಡನೇ ಗೇರಿಗೆ ಹಾಕು, ಎಂಜಿನ್ನೇ ಹಿಡಿಯಲಿ' ಎಂದು ಪ್ರತಿ ತಿರುವಿಗೂ ಹೇಳಬೇಕಾಗುತ್ತಿತ್ತು. ಲಲಿತಮಹಲ್ ರಸ್ತೆಯಲ್ಲಿ ಆಟೋ ಅಡ್ಡ ಬಂದಾಗ ಪಾದ ಆಕ್ಸಿಲರೇಟರಿನಿಂದ ಏಳುತ್ತಿತ್ತು, ಆದರೆ ಬ್ರೇಕಿಗೆ ಹೋಗುವ ಮುಂಚೆ ಗಾಳಿಯಲ್ಲಿ ಒಂದು ಕ್ಷಣ ನಿಲ್ಲುತ್ತಿತ್ತು. ಆ ಕ್ಷಣದಲ್ಲಿ ನನ್ನ ಕಾಲಡಿಯ ಎರಡನೇ ಬ್ರೇಕ್ ಕೆಲಸ ಮಾಡಿಬಿಡುತ್ತಿತ್ತು, ನಿನಗೆ ಅದು ಗೊತ್ತೂ ಆಗುತ್ತಿರಲಿಲ್ಲ. ಕಣ್ಣು ಬಾನೆಟ್ಟಿನ ತುದಿಗೇ ಅಂಟಿಕೊಂಡಿರುತ್ತಿತ್ತು, ದೂರ ನೋಡುತ್ತಿರಲಿಲ್ಲ. ಎಡಗಡೆಯ ಕನ್ನಡಿ ಇದೆ ಎಂಬುದನ್ನು ನಾನು ನೆನಪಿಸಿದಾಗ ಮಾತ್ರ ನೋಡುತ್ತಿದ್ದೆ.

ಇದನ್ನು ದೂರಾಗಿ ಹೇಳುತ್ತಿಲ್ಲ. ಎಲ್ಲ ಹೊಸಬರೂ ಹೀಗೇ. ಕಣ್ಣು, ಕಾಲು, ಕೈ ಮೂರೂ ಒಂದಾಗುವುದಕ್ಕೆ ಸಾವಿರಾರು ಕಿಲೋಮೀಟರ್ ಬೇಕು. ಮಳೆ, ರಾತ್ರಿ, ಎದುರಿನ ಹೈಬೀಮ್, ಬಣ್ಣ ಮಾಸಿದ ಹಂಪು, ಕಬ್ಬಿನ ಟ್ರ್ಯಾಕ್ಟರಿನ ಹಿಂದೆ ದೀಪವೇ ಇಲ್ಲದ ಟ್ರೈಲರು, ಇವೆಲ್ಲ ಒಂದೊಂದಾಗಿ ಎದುರಾಗಿ, ಒಂದೊಂದೂ ಒಂದಿಷ್ಟು ಹೆದರಿಸಿ, ಒಂದಿಷ್ಟು ಕಲಿಸಿ ಹೋಗಬೇಕು. ಆ ಕಾಲದಲ್ಲಿ ತಪ್ಪುಗಳು ಆಗಿಯೇ ಆಗುತ್ತವೆ. ಮೊದಲ ಕಾರನ್ನು ಆರಿಸುವಾಗ ಕೇಳಬೇಕಾದದ್ದು ಒಂದೇ: ತಪ್ಪಾದಾಗ ತಿದ್ದಿಕೊಳ್ಳಲು ಈ ಕಾರು ಎಷ್ಟು ಸಮಯ ಕೊಡುತ್ತದೆ?

ನಮ್ಮ ಶಾಲೆಯ ಸ್ವಿಫ್ಟ್ ಒಂದು ಟನ್ನಿಗೂ ಕಡಿಮೆ ತೂಕ. ಶಕ್ತಿ ಎಂಬತ್ತು, ತೊಂಬತ್ತು ಕುದುರೆಗಳ ಆಸುಪಾಸು. ಎಂಜಿನ್ ತಿರುಗಿಸುವುದು ಮುಂದಿನ ಚಕ್ರಗಳನ್ನು. ತಿರುವಿನಲ್ಲಿ ವೇಗ ಹೆಚ್ಚಾದರೆ ಕಾರಿನ ಮೂತಿ ಹೊರಗೆ ತಳ್ಳಿದಂತಾಗುತ್ತದೆ, ಗಾಬರಿಯಲ್ಲಿ ನೀನು ಆಕ್ಸಿಲರೇಟರ್ ಬಿಡುತ್ತೀಯ, ಕಾರು ಹೆಚ್ಚಿನಂಶ ತಾನೇ ದಾರಿಗೆ ಬರುತ್ತದೆ. ಹೆದರಿದ ಹೊಸಬ ಏನು ಮಾಡುತ್ತಾನೋ ಅದೇ ಅಲ್ಲಿ ಸರಿಯಾದ ಉಪಾಯವೂ ಆಗಿರುತ್ತದೆ. ನೀನು ಕೇಳುತ್ತಿರುವ ಮಸ್ಟ್ಯಾಂಗ್ ಜಿಟಿಯಲ್ಲಿ 4,951 ಸಿಸಿಯ ಎಂಜಿನ್, ನಾನೂರರ ಹತ್ತಿರ ಕುದುರೆಶಕ್ತಿ, 515 ಎನ್‌ಎಂ ಟಾರ್ಕ್, ಅಷ್ಟೂ ಹೋಗುವುದು ಹಿಂದಿನ ಎರಡು ಚಕ್ರಗಳಿಗೆ. ಬೇಸಿಗೆಯುದ್ದಕ್ಕೂ ರಸ್ತೆ ಕುಡಿದ ಎಣ್ಣೆ ಮೊದಲ ಮಳೆಗೆ ಮೇಲೆ ತೇಲುತ್ತದಲ್ಲ, ಅಂಥ ದಿನ ತಿರುವಿನಲ್ಲಿ ಕಾಲು ಸ್ವಲ್ಪ ಜೋರಾಯಿತು ಎನ್ನು. ಹಿಂಭಾಗ ಪಕ್ಕಕ್ಕೆ ಹೊರಳುತ್ತದೆ. ಗಾಬರಿಯಲ್ಲಿ ಥಟ್ಟನೆ ಕಾಲು ತೆಗೆದರೆ ಭಾರ ಮುಂದಕ್ಕೆ ಬಿದ್ದು ಹಿಂದಿನ ಹಿಡಿತ ಇನ್ನೂ ಕಡಿಮೆಯಾಗುತ್ತದೆ, ಬ್ರೇಕ್ ಒತ್ತಿದರೆ ಮತ್ತೂ ಕಡಿಮೆ. ಅಂದರೆ ಹೊಸಬನ ಕಾಲು ತಾನಾಗಿ ಮಾಡುವ ಕೆಲಸವೇ ಅಲ್ಲಿ ತಪ್ಪು. ಸರಿಯಾದದ್ದನ್ನು ಅಭ್ಯಾಸದಿಂದ ಮಾತ್ರ ಕಲಿಯಬಹುದು, ಅದೂ ಅರ್ಧ ಸೆಕೆಂಡಿನಲ್ಲಿ ಮಾಡಬೇಕು.

'ಅದರಲ್ಲಿ ಟ್ರ್ಯಾಕ್ಷನ್ ಕಂಟ್ರೋಲ್ ಇದೆ ಸಾರ್' ಎನ್ನುತ್ತೀಯ. ಇದೆ. ತುಂಬ ಒಳ್ಳೆಯದು, ಅದರಿಂದ ಎಷ್ಟೋ ಜೀವ ಉಳಿದಿವೆ. ಆದರೆ ಅದನ್ನು ಆಫ್ ಮಾಡುವ ಬಟನ್ನೂ ಅಲ್ಲೇ ಇದೆ, ಗೆಳೆಯರು ಹಿಂದಿನ ಸೀಟಿನಲ್ಲಿ ಕೂತು ಮೊಬೈಲಿನಲ್ಲಿ ವಿಡಿಯೋ ಮಾಡುತ್ತಿರುವಾಗ ಆ ಬಟನ್ ಒತ್ತದೆ ಇರುವುದು ಹತ್ತೊಂಬತ್ತರಲ್ಲಿ ಸುಲಭವಲ್ಲ. ಮತ್ತೆ, ಟಯರು ಮತ್ತು ರಸ್ತೆಯ ನಡುವೆ ಇಲ್ಲದ ಹಿಡಿತವನ್ನು ಯಾವ ಕಂಪ್ಯೂಟರೂ ಹುಟ್ಟಿಸಲಾರದು.

ಇನ್ನೊಂದು ಅಪಾಯವಿದೆ, ಅದು ಕಣ್ಣಿಗೆ ಕಾಣುವುದಿಲ್ಲ. ಒಳ್ಳೆಯ ಕಾರಿನಲ್ಲಿ ವೇಗ ಗೊತ್ತಾಗುವುದಿಲ್ಲ. ಸ್ವಿಫ್ಟ್ ನೂರು ದಾಟಿದರೆ ಎಂಜಿನ್ ಕೂಗುತ್ತದೆ, ಗಾಳಿ ಕೂಗುತ್ತದೆ, ಸ್ಟೇರಿಂಗ್ ಅದುರುತ್ತದೆ, ಸಾಕು ಎಂದು ಕಾರೇ ಹೇಳುತ್ತದೆ. ಮಸ್ಟ್ಯಾಂಗಿಗೆ ನೂರಾನಲವತ್ತು ಎಂದರೆ ನಡಿಗೆ. ಈಗ ಮೈಸೂರು–ಬೆಂಗಳೂರು ಹೆದ್ದಾರಿಯಲ್ಲಿ ಒಂದು ಲೆಕ್ಕ ಹಾಕೋಣ. ಅಲ್ಲಿ ಮಿತಿ ಗಂಟೆಗೆ 100 ಕಿ.ಮೀ. ಆ ವೇಗದಲ್ಲಿ ಕಾರು ಒಂದು ಸೆಕೆಂಡಿಗೆ ಸುಮಾರು 28 ಮೀಟರ್ ಓಡುತ್ತದೆ. ನಾಯಿಯನ್ನು ಕಂಡು ಕಾಲು ಬ್ರೇಕಿಗೆ ಹೋಗುವುದಕ್ಕೆ ಒಂದೂವರೆ ಸೆಕೆಂಡ್ ಎಂದಿಟ್ಟುಕೋ, 42 ಮೀಟರ್ ಹೋಯಿತು. ಒಣ ರಸ್ತೆ, ಒಳ್ಳೆಯ ಟಯರಿದ್ದರೆ ಬ್ರೇಕ್ ಹಿಡಿದು ನಿಲ್ಲುವುದಕ್ಕೆ ಇನ್ನೊಂದು 40 ಮೀಟರ್. ಒಟ್ಟು 82. ಅದೇ 140ರಲ್ಲಿ ಹೋಗುತ್ತಿದ್ದರೆ ಬ್ರೇಕಿಗೆ ಕಾಲಿಡುವ ಮುಂಚೆಯೇ 58 ಮೀಟರ್ ಕಳೆದಿರುತ್ತದೆ. ನಿಲ್ಲುವ ಹೊತ್ತಿಗೆ 135 ದಾಟಿರುತ್ತದೆ.

ಇದರಲ್ಲಿ ನಾನು ಪ್ರತಿಯೊಬ್ಬ ಶಿಷ್ಯನಿಗೂ ಕಾಗದದ ಮೇಲೆ ಬರೆದು ತೋರಿಸುವ ಒಂದು ಅಂಕಿ ಇದೆ. ನೂರರಲ್ಲಿ ಬಂದ ಕಾರು ಪೂರ್ತಿ ನಿಂತ ಆ 82ನೇ ಮೀಟರಿನಲ್ಲಿ, ಅಷ್ಟೇ ಚೆನ್ನಾಗಿ ಬ್ರೇಕ್ ಹಿಡಿದ 140ರ ಕಾರು ಇನ್ನೂ ಗಂಟೆಗೆ 115 ಕಿ.ಮೀ.ಗೂ ಹೆಚ್ಚಿನ ವೇಗದಲ್ಲಿರುತ್ತದೆ. ನಲವತ್ತು ಕಿಲೋಮೀಟರ್ ವೇಗ ಹೆಚ್ಚಿಸಿಕೊಂಡರೆ ಡಿಕ್ಕಿಯೂ ನಲವತ್ತರದ್ದೇ ಆಗಿರುತ್ತದೆ ಎಂದು ಎಲ್ಲರೂ ಅಂದುಕೊಂಡಿರುತ್ತಾರೆ. ಹಾಗಲ್ಲ. ಚಲಿಸುವ ವಸ್ತುವಿನ ಶಕ್ತಿ ವೇಗದ ವರ್ಗದ ಲೆಕ್ಕದಲ್ಲಿ ಏರುತ್ತದೆ, ನೀನು ಪಿಯುಸಿಯಲ್ಲಿ ಓದಿದ ಪಾಠವೇ ಇದು. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅದರಲ್ಲಿ ಶೇ. 71ರಷ್ಟು ಸಾವಿಗೆ ಕೇಂದ್ರ ಸಾರಿಗೆ ಸಚಿವಾಲಯ ಬರೆದ ಕಾರಣ ಅತಿವೇಗ.

ಮೈಸೂರು–ಬೆಂಗಳೂರು ಹೆದ್ದಾರಿ 2023ರ ಮಾರ್ಚಿನಲ್ಲಿ ಉದ್ಘಾಟನೆಯಾಯಿತು. ಸಾವುಗಳು ಹೆಚ್ಚಿ, ಅದೇ ಆಗಸ್ಟಿನಲ್ಲಿ ಬೈಕು, ಆಟೋ, ಟ್ರ್ಯಾಕ್ಟರುಗಳನ್ನು ಮುಖ್ಯ ರಸ್ತೆಯಿಂದ ಇಳಿಸಬೇಕಾಯಿತು. ಕ್ಯಾಮೆರಾಗಳು ಬಂದವು. 2024ರ ಆಗಸ್ಟಿನಿಂದ ರಾಜ್ಯದ ಯಾವ ರಸ್ತೆಯಲ್ಲೇ ಆಗಲಿ 130 ದಾಟಿದರೆ ಎಫ್‌ಐಆರ್ ಎಂದು ಪೊಲೀಸರು ಹೇಳಿದರು. ನೀನು ಕೊಳ್ಳಬೇಕೆಂದಿರುವ ಕಾರು ಮೂರನೇ, ನಾಲ್ಕನೇ ಗೇರಿನಲ್ಲೇ ಆ ಅಂಕಿಯನ್ನು ದಾಟುತ್ತದೆ.

ಹೊಸಬರ ಕೈಗೆ ಎಂಥ ಕಾರು ಕೊಡಬಹುದು ಎಂಬ ಪ್ರಶ್ನೆಯನ್ನು ಬೇರೆ ದೇಶಗಳು ಅಪ್ಪ ಅಮ್ಮನ ಮೇಲೆ ಬಿಟ್ಟಿಲ್ಲ. ಆಸ್ಟ್ರೇಲಿಯಾದ ವಿಕ್ಟೋರಿಯಾ, ನ್ಯೂ ಸೌತ್ ವೇಲ್ಸ್, ಕ್ವೀನ್ಸ್‌ಲ್ಯಾಂಡ್ ರಾಜ್ಯಗಳಲ್ಲಿ ಹೊಸ ಲೈಸೆನ್ಸಿನವರು ಕಾರಿನ ಮೇಲೆ 'ಪಿ' ಫಲಕ ಹಾಕಬೇಕು, ಟನ್ ತೂಕಕ್ಕೆ 130 ಕಿಲೋವ್ಯಾಟ್ ದಾಟುವ ಕಾರನ್ನು ಮುಟ್ಟುವಂತಿಲ್ಲ. ಮಸ್ಟ್ಯಾಂಗ್ ಜಿಟಿ ಆ ಗೆರೆಯನ್ನು ಆರಾಮಾಗಿ ದಾಟುತ್ತದೆ, ಅಂದರೆ ಅಲ್ಲಿ ನಿನ್ನ ವಯಸ್ಸಿನವರಿಗೆ ಅದು ನಿಷಿದ್ಧ. ಫೆರಾರಿ, ಲ್ಯಾಂಬೋರ್ಗಿನಿ ಹುಟ್ಟಿದ ಇಟಲಿ ಇನ್ನೂ ಬಿಗಿ. 2024ರ ಡಿಸೆಂಬರಿನಲ್ಲಿ ಬಂದ ಹೊಸ ಕಾನೂನಿನಂತೆ ಅಲ್ಲಿ ಲೈಸೆನ್ಸ್ ಪಡೆದ ಮೊದಲ ಮೂರು ವರ್ಷ ಟನ್ನಿಗೆ 75 ಕಿಲೋವ್ಯಾಟ್ ಮೀರಿದ ಕಾರು ಓಡಿಸುವಂತಿಲ್ಲ. ಸ್ಪೋರ್ಟ್ಸ್ ಕಾರನ್ನು ತಮ್ಮ ಕುಲದೇವರಂತೆ ನೋಡುವ ಜನ ತಮ್ಮ ಮಕ್ಕಳಿಗೆ ಮಾಡಿದ ನಿಯಮ ಇದು. ಬ್ರಿಟನ್ನಿನಲ್ಲಿ ವಿಮಾ ಕಂಪನಿಯೇ ಆ ಕೆಲಸ ಮಾಡುತ್ತದೆ, ಹದಿನೆಂಟರ ಹುಡುಗ ದೊಡ್ಡ ಎಂಜಿನ್ನಿನ ಕಾರಿಗೆ ವಿಮೆ ಕೇಳಿದರೆ ಹೇಳುವ ಮೊತ್ತಕ್ಕೆ ಮನೆಯವರು ತಾವಾಗಿಯೇ ಚಿಕ್ಕ ಕಾರಿನ ಕಡೆ ತಿರುಗುತ್ತಾರೆ. ನಮ್ಮಲ್ಲಿ 1,500 ಸಿಸಿ ಮೀರಿದ ಕಾರಿಗೆ ಥರ್ಡ್ ಪಾರ್ಟಿ ವಿಮೆಯ ಮೂಲದರ 2022ರಲ್ಲಿ ನಿಗದಿಯಾದಂತೆ ವರ್ಷಕ್ಕೆ 7,897 ರೂಪಾಯಿ. ಮೂವತ್ತು ವರ್ಷ ಗಾಡಿ ಓಡಿಸಿದ ನಿನ್ನ ತಂದೆಗೂ ಅಷ್ಟೇ, ನಿನಗೂ ಅಷ್ಟೇ. ಹದಿನೆಂಟು ತುಂಬಿ ಡಿಎಲ್ ಸಿಕ್ಕರೆ ಆಲ್ಟೋ ಆದರೂ ಸರಿ, ಆರುನೂರು ಕುದುರೆಯ ಕಾರಾದರೂ ಸರಿ, ಕಾನೂನು ಏನೂ ಕೇಳುವುದಿಲ್ಲ. ಇದು ಬದಲಾಗಬೇಕು. ಬದಲಾಗುವವರೆಗೆ ಬೇಡ ಎನ್ನುವ ಭಾರ ನಮ್ಮಂಥ ಮೇಷ್ಟ್ರುಗಳ ಮೇಲೆ, ಮನೆಯ ಹಿರಿಯರ ಮೇಲೆ ಬಿದ್ದಿದೆ.

ಪುಣೆಯ ವಿಷಯ ನಿನಗೆ ಗೊತ್ತಿದೆ. 2024ರ ಮೇ 19ರ ನಸುಕಿನಲ್ಲಿ ಕಲ್ಯಾಣಿನಗರದಲ್ಲಿ ಪೋರ್ಷೆ ಟೈಕಾನ್ ಒಂದು ಬೈಕಿಗೆ ಗುದ್ದಿತು. ಬೈಕಿನಲ್ಲಿದ್ದ ಇಬ್ಬರು ಯುವ ಎಂಜಿನಿಯರುಗಳು, ಒಬ್ಬ ಹುಡುಗ, ಒಬ್ಬ ಹುಡುಗಿ, ಪ್ರಾಣ ಕಳೆದುಕೊಂಡರು. ಕಾರು ಓಡಿಸುತ್ತಿದ್ದನೆಂಬ ಆರೋಪ ಹದಿನೇಳು ವರ್ಷದ ಹುಡುಗನ ಮೇಲೆ ಬಂತು. ಆ ಕಾರು ನಮ್ಮ ಕರ್ನಾಟಕದ ತಾತ್ಕಾಲಿಕ ನೋಂದಣಿಯಲ್ಲಿ ಬೆಂಗಳೂರಿನಿಂದ ಹೋದದ್ದು. ಕಾಯಂ ನೋಂದಣಿಗೆ ಕಟ್ಟಬೇಕಾಗಿದ್ದ 1,758 ರೂಪಾಯಿ ಶುಲ್ಕ ಕಟ್ಟದೆ, ನಂಬರ್ ಪ್ಲೇಟೂ ಇಲ್ಲದೆ ರಸ್ತೆಯಲ್ಲಿತ್ತು. ರಸ್ತೆ ಅಪಘಾತದ ಬಗ್ಗೆ 300 ಪದಗಳ ಪ್ರಬಂಧ ಬರೆಯಬೇಕೆಂಬ ಷರತ್ತಿನ ಮೇಲೆ ಅವನಿಗೆ ಜಾಮೀನು ಸಿಕ್ಕಿದಾಗ ದೇಶವೇ ಸಿಟ್ಟಿಗೆದ್ದಿತು. ಆಮೇಲೆ ರಕ್ತದ ಮಾದರಿ ಬದಲಿಸಿದ ಆರೋಪದಲ್ಲಿ ತಂದೆ, ತಾಯಿ, ವೈದ್ಯರು ಬಂಧನಕ್ಕೊಳಗಾದರು.

ನೀನು ಅವನಂಥವನಲ್ಲ, ನನಗೆ ಗೊತ್ತು. ನಿನಗೆ ಲೈಸೆನ್ಸ್ ಇದೆ, ಕುಡಿಯುವ ಚಟವಿಲ್ಲ, ಹಿರಿಯರ ಮುಂದೆ ತಗ್ಗಿ ಮಾತಾಡುತ್ತೀಯ. ಆದರೂ ಈ ಕಥೆ ಹೇಳಿದ್ದಕ್ಕೆ ಕಾರಣವಿದೆ. ಹದಿನೇಳಕ್ಕೂ ಹತ್ತೊಂಬತ್ತಕ್ಕೂ ಕಾನೂನಿನ ಕಣ್ಣಿಗೆ ಬಹಳ ಅಂತರ. ಮೋಟಾರು ವಾಹನ ಕಾಯ್ದೆಯ 199ಎ ಕಲಮಿನಂತೆ ಅಪ್ರಾಪ್ತನು ಗಾಡಿ ಓಡಿಸಿ ತಪ್ಪು ಮಾಡಿದರೆ ಪೋಷಕರಿಗೆ ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ, ಹುಡುಗನಿಗೆ ಇಪ್ಪತ್ತೈದು ತುಂಬುವವರೆಗೆ ಲೈಸೆನ್ಸ್ ಇಲ್ಲ. ಹದಿನೆಂಟು ತುಂಬಿದ ಮರುದಿನದಿಂದ ಇದಾವುದೂ ಅನ್ವಯಿಸುವುದಿಲ್ಲ. ಆದರೆ ಒಂದು ಹುಟ್ಟುಹಬ್ಬ ಕಳೆದ ಮಾತ್ರಕ್ಕೆ ಬಲಗಾಲಿಗೆ ವಿವೇಕ ಬರುವುದಿಲ್ಲ.

ಹಾಗಾದರೆ ಏನು ಕೊಳ್ಳಬೇಕು? ಸುರಕ್ಷತಾ ಪರೀಕ್ಷೆಯಲ್ಲಿ ಐದು ನಕ್ಷತ್ರ ಪಡೆದ, ಕಾರು ಜಾರದಂತೆ ಹಿಡಿಯುವ ಇಎಸ್‌ಸಿ ಇರುವ, ಮುಂಚಕ್ರ ಎಳೆಯುವ ಚಿಕ್ಕ ಹ್ಯಾಚ್‌ಬ್ಯಾಕ್ ಒಂದನ್ನು ಕೊಳ್ಳು. ಕೊಳ್ಳುವ ಮುಂಚೆ ಭಾರತ್ ಎನ್‌ಕ್ಯಾಪ್, ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಗಳ ಫಲಿತಾಂಶ ನೋಡು, ಟಾಟಾ ಆಲ್ಟ್ರೋಜ್ 2020ರಲ್ಲೇ ಐದು ನಕ್ಷತ್ರ ಪಡೆದಿತ್ತು. ಮ್ಯಾನ್ಯುಯಲ್ ಗೇರಿನದೇ ಇರಲಿ. ಅದನ್ನು ಎರಡು ಮಳೆಗಾಲ ಓಡಿಸು. ಕೊಡಗಿಗೆ ಹೋಗು, ಚಾರ್ಮಾಡಿ ಇಳಿ, ಅಪ್ಪ ಅಮ್ಮನನ್ನು ಧರ್ಮಸ್ಥಳಕ್ಕೆ ಕರೆದುಕೊಂಡು ಹೋಗು. ಕಾರಿಗೆ ಎರಡು ಗೀರು ಬೀಳಲಿ, ಬೇಜಾರು ಮಾಡಿಕೊಳ್ಳಬೇಡ.

ಚಿಕ್ಕ ಕಾರಿನಲ್ಲಿ ಖುಷಿ ಇಲ್ಲ ಎಂದವರ ಮಾತು ನಂಬಬೇಡ. ತೊಂಬತ್ತರ ದಶಕದ ಕೊನೆಯಲ್ಲಿ ಬೆಂಗಳೂರಿನ ಕಂಪನಿಯೊಂದು ಸ್ಯಾನ್ ಸ್ಟಾರ್ಮ್ ಎಂಬ ಎರಡು ಸೀಟಿನ, ಮೇಲ್ಚಾವಣಿ ತೆಗೆಯುವ ಪುಟ್ಟ ಸ್ಪೋರ್ಟ್ಸ್ ಕಾರನ್ನು ಗೋವಾದಲ್ಲಿ ತಯಾರಿಸಿ ಮಾರಿತು. ಫೈಬರ್ ಮೈ, ರೆನೋ ಎಂಜಿನ್, ಅರವತ್ತರ ಆಸುಪಾಸು ಕುದುರೆಶಕ್ತಿ. ನನ್ನ ಪೀಳಿಗೆಯ ಹುಡುಗರು ಅದನ್ನು ಕಂಡರೆ ಬೈಕ್ ನಿಲ್ಲಿಸಿ ನೋಡುತ್ತಿದ್ದೆವು. ಪ್ರಪಂಚದಲ್ಲಿ ಅತಿ ಹೆಚ್ಚು ಮಾರಾಟವಾದ ಎರಡು ಸೀಟಿನ ತೆರೆದ ಸ್ಪೋರ್ಟ್ಸ್ ಕಾರು ಮಜ್ದಾ ಎಂಎಕ್ಸ್-5. 1989ರಲ್ಲಿ ಬಂದಾಗ ಅದರ ತೂಕ ಒಂದು ಟನ್ನಿನ ಆಸುಪಾಸು, ಶಕ್ತಿ ನೂರಿಪ್ಪತ್ತು ಕುದುರೆಯೂ ಇರಲಿಲ್ಲ. ಹಗುರವಾದ ಕಾರನ್ನು ಅದರ ಪೂರ್ತಿ ಸಾಮರ್ಥ್ಯಕ್ಕೆ ಓಡಿಸುವ ಸಂತೋಷ, ದೈತ್ಯ ಕಾರನ್ನು ಸಿಗ್ನಲ್ಲಿನಿಂದ ಸಿಗ್ನಲ್ಲಿಗೆ ತಡೆದು ತಡೆದು ಓಡಿಸುವುದರಲ್ಲಿ ಸಿಗುವುದಿಲ್ಲ.

ವೇಗವೇ ಬೇಕು ಎಂದರೆ ಅದಕ್ಕೂ ಜಾಗವಿದೆ. ಬೆಂಗಳೂರಿನಲ್ಲಿ ಗೋ-ಕಾರ್ಟ್ ಟ್ರ್ಯಾಕಿದೆ. ಕೊಯಮತ್ತೂರಿನಲ್ಲಿ ಕರಿ ಮೋಟಾರ್ ಸ್ಪೀಡ್‌ವೇ ಇದೆ, ಮೈಸೂರಿನಿಂದ ಬೆಳಿಗ್ಗೆ ಹೊರಟರೆ ಮಧ್ಯಾಹ್ನಕ್ಕೆ ತಲುಪಬಹುದು. ಚೆನ್ನೈ ಹತ್ತಿರ ಇರುಂಗಾಟ್ಟುಕೋಟೈನಲ್ಲಿ 3.7 ಕಿ.ಮೀ. ಉದ್ದದ ರೇಸ್ ಟ್ರ್ಯಾಕಿದೆ. ಅಲ್ಲಿ ಎದುರಿನಿಂದ ಬಸ್ಸು ಬರುವುದಿಲ್ಲ, ತಲೆಗೆ ಹೆಲ್ಮೆಟ್ ಇರುತ್ತದೆ, ಪಕ್ಕದಲ್ಲಿ ಆಂಬುಲೆನ್ಸ್ ನಿಂತಿರುತ್ತದೆ, ಕಾರು ಜಾರಿದರೆ ಜಾರಿ ನಿಲ್ಲುವುದಕ್ಕೆ ಜಾಗವಿರುತ್ತದೆ. ನಮ್ಮ ಬೆಂಗಳೂರಿನ ಮೈನಿ ಸಹೋದರರು, ಅರ್ಜುನ್ ಮತ್ತು ಕುಶ್, ಅಂತರರಾಷ್ಟ್ರೀಯ ರೇಸುಗಳಲ್ಲಿ ಓಡುತ್ತಾರಲ್ಲ, ಅವರೂ ಚಿಕ್ಕಂದಿನಲ್ಲಿ ಕಲಿತದ್ದು ಪುಟಾಣಿ ಕಾರ್ಟ್‌ಗಳಲ್ಲಿ. ಕುಶ್ 2025ರಲ್ಲಿ ಮೊನಾಕೊದಲ್ಲಿ ಫಾರ್ಮುಲಾ 2 ಸ್ಪ್ರಿಂಟ್ ರೇಸ್ ಗೆದ್ದ. ರಸ್ತೆಯಲ್ಲಿ ಗೆಳೆಯರಿಗೆ ಜೋರು ತೋರಿಸಿ ಯಾರೂ ಆ ಮಟ್ಟಕ್ಕೆ ಹೋಗಿಲ್ಲ.

ಇನ್ನು ನಿನ್ನ ತಂದೆಯವರಿಗೆ ಎರಡು ಮಾತು.

ಯಜಮಾನರೇ, ನೀವು ಕಷ್ಟಪಟ್ಟು ಮೇಲೆ ಬಂದವರು. ನಿಮ್ಮ ಕಾಲಕ್ಕೆ ಸಿಗದಿದ್ದದ್ದು ಮಗನಿಗೆ ಸಿಗಲಿ ಎಂಬ ಮನಸ್ಸು ನನಗೆ ಅರ್ಥವಾಗುತ್ತದೆ. ಮಗನ ಮುಖ ಅರಳುವುದನ್ನು ನೋಡಲು ಯಾವ ತಂದೆ ಬಯಸುವುದಿಲ್ಲ? ಆದರೆ ಕೀ ಕೊಡುವ ಮುಂಚೆ ಒಂದು ಕೆಲಸ ಮಾಡಿ. ಒಂದು ಸಂಜೆ, ಮಳೆ ಬರುವಾಗ, ಈಗಿರುವ ನಿಮ್ಮ ಕಾರಿನಲ್ಲಿ ಮಗನ ಪಕ್ಕ ಕೂತು ನಂಜನಗೂಡಿನವರೆಗೆ ಹೋಗಿ ಬನ್ನಿ. ಅವನಿಗೆ ಏನೂ ಹೇಳಬೇಡಿ. ನಿಮ್ಮ ಬಲಗಾಲು ಇಲ್ಲದ ಬ್ರೇಕನ್ನು ಎಷ್ಟು ಸಲ ಒತ್ತಿತು ಎಂಬುದನ್ನು ಮಾತ್ರ ನೋಡಿಕೊಳ್ಳಿ. ಆಮೇಲೆ ಅದೇ ಕಾರಿಗೆ ನಾಲ್ಕು ಪಟ್ಟು ಶಕ್ತಿ ಕೊಟ್ಟು, ಪಕ್ಕದ ಸೀಟಿನಲ್ಲಿ ನಿಮ್ಮ ಬದಲು ಅವನ ವಯಸ್ಸಿನ ಗೆಳೆಯನನ್ನು ಕೂರಿಸಿ ಯೋಚನೆ ಮಾಡಿ. ದುಡ್ಡು ನಿಮ್ಮದು, ತೀರ್ಮಾನವೂ ನಿಮ್ಮದೇ. ಆದರೆ ಮಗನಿಗೆ ಒಮ್ಮೆ ಬೇಡ ಎಂದರೆ ಪ್ರೀತಿ ಕಡಿಮೆಯಾಗುವುದಿಲ್ಲ.

ಶಿಷ್ಯನೇ, ನಿನ್ನ ಮೇಲೆ ನನಗೆ ಭರವಸೆ ಇದೆ. ಕೈ ಒಳ್ಳೆಯದಿದೆ, ಹೇಳಿದ್ದನ್ನು ಎರಡನೇ ಸಲಕ್ಕೆ ಹಿಡಿಯುತ್ತೀಯ. ಐದಾರು ವರ್ಷ ಕಳೆಯಲಿ. ಮಸ್ಟ್ಯಾಂಗೋ, ಪೋರ್ಷೆಯೋ, ಆಗ ನಿನಗೆ ಇಷ್ಟವಾದದ್ದನ್ನು ನಾನೇ ನಿನ್ನ ಜೊತೆ ಬಂದು ನೋಡಿ, ಟಯರು ತಟ್ಟಿ, ಎಂಜಿನ್ ಶಬ್ದ ಕೇಳಿ ಆರಿಸಿಕೊಡುತ್ತೇನೆ. ಈಗ ಬೆಂಗಳೂರಿನ ಡೀಲರಿಗೆ ಫೋನ್ ಮಾಡಿ ಬೇಡ ಎಂದುಬಿಡು. ಟೋಕನ್ ಕೊಟ್ಟಾಗಿದ್ದರೆ ಆ ದುಡ್ಡು ಹೋದರೂ ಹೋಗಲಿ. ಭಾನುವಾರ ಬೆಳಿಗ್ಗೆ ಆರಕ್ಕೆ ಶಾಲೆಯ ಹತ್ತಿರ ಬಾ, ಹೆದ್ದಾರಿಯಲ್ಲಿ ಓಡಿಸುವುದನ್ನು ಹೇಳಿಕೊಡುತ್ತೇನೆ. ಫೀಸು ಬೇಡ.

ಇತಿ,
ನಿನ್ನ ಡ್ರೈವಿಂಗ್ ಮೇಷ್ಟ್ರು, ಮೈಸೂರು